ಕನ್ನಡ ಕೀಲಿಮಣೆಯ ಸಂರಚನಾ ಕಡತಗಳು: ಸರಳೀಕರಣ ಮತ್ತು ಹಳೆಯ ಸಂಯೋಜನೆಗಳ ರಕ್ಷಣೆ

ವಿಷಯ ಪ್ರವೇಶ

ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯು ತುಂಗಭದ್ರಾ ತೀರದ ಗ್ರಾಮ. ಹರಿದಾಸರಾದ ವಿಜಯದಾಸರ ಜನ್ಮಸ್ಥಳವೆಂದು ನಾಡಿನಲ್ಲಿ ಪ್ರಸಿದ್ಧವಾಗಿದೆ. ಈ ಗ್ರಾಮದ ಹೆಸರನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಲು ಒಂಬತ್ತು ಕೀಲಿಗಳನ್ನು ಒತ್ತಬೇಕಾಗುತ್ತದೆ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವನ್ನು, ಅಂದರೆ 'ಕಗಪ' ವಿನ್ಯಾಸವನ್ನು, ಕಲಿತವರು ಸಿ, ಶಿಫ್ಟ್ ಸಹಿತ ಐ, ಕೆ, ಎಲ್, ಪಿ, ಆರ್, ಎಫ್, ವಿ ಮತ್ತು ಐ ಕೀಲಿಗಳನ್ನು ಅನುಕ್ರಮವಾಗಿ ಒತ್ತುತ್ತಾರೆ. ಇಲ್ಲಿ ಎಫ್ ಕೀಲಿಯು ಅರ್ಧಾಕ್ಷರದ ಚಿಹ್ನೆಯನ್ನು ಕೊಡುತ್ತದೆ; 'ರ್ವಿ' ಎಂಬಲ್ಲಿನ ಅರ್ಕಾವೊತ್ತು ಅದರಿಂದ ಮೂಡುತ್ತದೆ.

ಅದೇ ಒಂಬತ್ತು ಕೀಲಿಗಳನ್ನು ಅದೇ ಅನುಕ್ರಮದಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವಿರುವ ಯಂತ್ರದಲ್ಲಿ ಒತ್ತಿದರೆ ದೊರೆಯುವುದು ಮ, ಘ, ಕ, ತ, ಜ ಎಂಬ ಅಕ್ಷರಗಳು. ಅವುಗಳ ಬೆನ್ನಿಗೆ ಒಂದರ ಮೇಲೊಂದು ಬೀಳುವ ಎರಡು ಗುಣಿತ ಚಿಹ್ನೆಗಳು. ಕೊನೆಗೆ ನ ಮತ್ತು ಗ. ಕೀಲಿಮಣೆಯಲ್ಲಿ ದೋಷವಿಲ್ಲ, ಬೆರಳಚ್ಚುಗಾರರಲ್ಲಿಯೂ ದೋಷವಿಲ್ಲ. ಯಾವ ವಿನ್ಯಾಸವನ್ನು ಬಳಸಬೇಕೆಂದು ಯಂತ್ರಕ್ಕೆ ತಿಳಿಸುವ ಒಂದು ಚಿಕ್ಕ ಪಠ್ಯಕಡತದಲ್ಲಿನ ಒಂದು ಪದ ಬದಲಾಗಿದೆ, ಅಥವಾ ಆ ಪದ ಅಲ್ಲಿಯೇ ಇದ್ದು ಯಂತ್ರವು ಅದನ್ನು ಓದುವುದನ್ನು ನಿಲ್ಲಿಸಿದೆ. ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸಿದ ಮರುದಿನ ಇಂತಹ ದೂರುಗಳು ಬರುವುದು ಅಪರೂಪವೇನಲ್ಲ.

ಇಂತಹ ಕಡತಗಳನ್ನು ಸಂರಚನಾ ಕಡತಗಳೆಂದು ಕರೆಯಲಾಗುತ್ತದೆ. ಅವುಗಳನ್ನು ಸರಳಗೊಳಿಸುವ ಅಗತ್ಯವೇನು, ಸರಳಗೊಳಿಸುವಾಗ ಹಳೆಯ ಕಡತಗಳು ನಿರುಪಯುಕ್ತವಾಗದಂತೆ ಹೇಗೆ ನೋಡಿಕೊಳ್ಳಲಾಯಿತು, ಎಲ್ಲಿ ಎಡವಲಾಯಿತು ಎಂಬ ವಿಷಯಗಳನ್ನು ಕನ್ನಡ ಕೀಲಿಮಣೆಯ ಉದಾಹರಣೆಯ ಮೂಲಕ ಈ ಪುಟದಲ್ಲಿ ವಿವರಿಸಲಾಗಿದೆ. ಗ್ನು/ಲಿನಕ್ಸ್ ವ್ಯವಸ್ಥೆಯನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ. ಅದರ ಕಡತಗಳು ಯಾರೂ ತೆರೆದು ಓದಬಹುದಾದ ಪಠ್ಯರೂಪದಲ್ಲಿರುವುದು ಇದಕ್ಕೆ ಕಾರಣ. ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಬಿಡುಗಡೆ ಮಾಡಿದ ಬಾಸ್ ಎಂಬ ಭಾರತೀಯ ಕಾರ್ಯಾಚರಣೆ ವ್ಯವಸ್ಥೆಯೂ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲಾ ಗಣಕ ಶಿಕ್ಷಣದಲ್ಲಿ ಬಳಸುವ ವ್ಯವಸ್ಥೆಯೂ ಇದೇ ಕುಟುಂಬಕ್ಕೆ ಸೇರಿದವು.

ಸಂರಚನಾ ಕಡತವೆಂದರೇನು

ತಂತ್ರಾಂಶವು ಎಲ್ಲ ಬಳಕೆದಾರರಿಗೂ ಒಂದೇ. ಬಳಕೆದಾರರ ಭಾಷೆ, ಪರದೆಯ ಅಳತೆ, ಮುದ್ರಣಯಂತ್ರ, ಕೀಲಿಮಣೆ ಮುಂತಾದವು ಮಾತ್ರ ಸ್ಥಳದಿಂದ ಸ್ಥಳಕ್ಕೆ ಭಿನ್ನವಾಗಿರುತ್ತವೆ. ಈ ಭಿನ್ನತೆಯನ್ನು ತಂತ್ರಾಂಶದ ಒಡಲಿನಲ್ಲಿ ಬರೆಯದೆ ಹೊರಗಿನ ಒಂದು ಕಡತದಲ್ಲಿ ಬರೆದಿಡಲಾಗುತ್ತದೆ. ತಂತ್ರಾಂಶವು ಆರಂಭವಾಗುವಾಗ ಆ ಕಡತವನ್ನು ಓದಿ, ಅದರಂತೆ ನಡೆಯುತ್ತದೆ.

ಗ್ನು/ಲಿನಕ್ಸ್ ವ್ಯವಸ್ಥೆಗಳಲ್ಲಿ ಪರದೆ, ಮೌಸ್ ಮತ್ತು ಕೀಲಿಮಣೆಯನ್ನು ಬಹುಕಾಲ ನಿರ್ವಹಿಸಿದ್ದು ಎಕ್ಸ್ ವಿಂಡೋ ವ್ಯವಸ್ಥೆ. ಅದರ ಸಂರಚನಾ ಕಡತವನ್ನು ಕೈಯಿಂದ ಬರೆದವರಿಗೆ ಆ ಕಾಲದ ಕಷ್ಟ ನೆನಪಿರುತ್ತದೆ. ಪರದೆಯ ಅಡ್ಡ ಮತ್ತು ಲಂಬ ಆವರ್ತನಗಳನ್ನು ತಯಾರಕರ ಕೈಪಿಡಿಯಿಂದ ಹುಡುಕಿ ಅಂಕಿಗಳಲ್ಲಿ ನಮೂದಿಸಬೇಕಾಗಿತ್ತು. ತಪ್ಪು ಅಂಕಿಯಿಂದ ಹಳೆಯ ಕೊಳವೆ ಪರದೆಗೆ ಹಾನಿಯಾದೀತೆಂದು ಆ ಕಾಲದ ಕೈಪಿಡಿಗಳು ಎಚ್ಚರಿಸುತ್ತಿದ್ದವು. ಕೀಲಿಮಣೆಯ ಭಾಗದಲ್ಲಿ ಚಾಲಕ ತಂತ್ರಾಂಶ, ನಿಯಮ ಕಡತ, ಮಾದರಿ, ವಿನ್ಯಾಸ ಇವುಗಳನ್ನು ಒಂದೊಂದಾಗಿ ಬರೆಯಬೇಕಾಗಿತ್ತು. ಒಂದು ಉದ್ಧರಣ ಚಿಹ್ನೆ ತಪ್ಪಿದರೂ ಚಿತ್ರಪರದೆ ಮೂಡದೆ ಕಪ್ಪು ಹಿನ್ನೆಲೆಯ ಮೇಲೆ ದೋಷಸೂಚನೆ ಬರುತ್ತಿತ್ತು. ಜಿಲ್ಲಾ ಕೇಂದ್ರದಿಂದ ದೂರವಿರುವ ಶಾಲೆ ಅಥವಾ ಪಂಚಾಯಿತಿಯಲ್ಲಿ ಇದನ್ನು ಸರಿಪಡಿಸಬಲ್ಲವರು ಇರಲಿ, ಅದನ್ನು ಓದಿ ಅರ್ಥೈಸಬಲ್ಲವರೂ ದುರ್ಲಭ. ಸರಳೀಕರಣದ ಅಗತ್ಯದ ಬಗ್ಗೆ ಆದ್ದರಿಂದ ವಿವಾದವಿರಲಿಲ್ಲ.

ಐದು ಪದಗಳ ಪದರ

ಕೀಲಿಮಣೆಯ ವಿಸ್ತರಣೆ 1996ರಲ್ಲಿ ಎಕ್ಸ್ ವ್ಯವಸ್ಥೆಯ ಅಧಿಕೃತ ಭಾಗವಾಯಿತು. ಇದರಲ್ಲಿ ಒಂದು ಕೀಲಿಮಣೆಯ ಪೂರ್ಣ ವಿವರಣೆ ಐದು ಬಗೆಯ ಕಡತಗಳಲ್ಲಿ ಹಂಚಿಹೋಗಿದೆ: ಕೀಲಿಗಳ ಸಂಖ್ಯೆ, ಕೀಲಿಗಳ ಬಗೆ, ಹೊಂದಾಣಿಕೆ, ಅಕ್ಷರಗಳು ಮತ್ತು ಕೀಲಿಮಣೆಯ ಆಕಾರ. ಸಾಮಾನ್ಯ ಬಳಕೆದಾರರು ಇವೈದನ್ನೂ ತಿಳಿದು ಸರಿಯಾಗಿ ಜೋಡಿಸಬೇಕೆಂದು ನಿರೀಕ್ಷಿಸುವುದು ಸಾಧುವಲ್ಲ.

ಆದಕಾರಣ ಇವುಗಳ ಮೇಲೆ ಇನ್ನೊಂದು ಪದರವನ್ನು ಇಡಲಾಯಿತು. ಬಳಕೆದಾರರು ನಿಯಮ, ಮಾದರಿ, ವಿನ್ಯಾಸ, ಪ್ರಭೇದ, ಆಯ್ಕೆ ಎಂಬ ಐದು ಪದಗಳನ್ನು ಮಾತ್ರ ಹೇಳಿದರೆ ಸಾಕು. ವಾಸ್ತವವಾಗಿ ಹೇಳಬೇಕಾದವು ಬಹುತೇಕ ಎರಡೇ, ವಿನ್ಯಾಸ ಮತ್ತು ಪ್ರಭೇದ. ಉಳಿದವುಗಳಿಗೆ ಪೂರ್ವನಿಯೋಜಿತ ಬೆಲೆಗಳಿರುತ್ತವೆ. 'ನಿಯಮ' ಎಂಬ ಕಡತವು ಈ ಪದಗಳನ್ನು ಓದಿ, ಒಳಗಿನ ಐದು ಬಗೆಯ ಕಡತಗಳಿಂದ ಬೇಕಾದ ಭಾಗಗಳನ್ನು ಆರಿಸಿ ಜೋಡಿಸುತ್ತದೆ. ಮನೆ ಕಟ್ಟಿಸುವವರು ಮೇಸ್ತ್ರಿಗೆ "ಎರಡು ಕೋಣೆ, ಪೂರ್ವಕ್ಕೆ ಬಾಗಿಲು" ಎಂದು ಹೇಳುತ್ತಾರೆಯೇ ಹೊರತು ಇಟ್ಟಿಗೆಗಳ ಲೆಕ್ಕವನ್ನು ಕೊಡುವುದಿಲ್ಲ. ಇಲ್ಲಿನ ವ್ಯವಸ್ಥೆಯೂ ಅಂತಹುದೇ.

ಹೀಗೆ ಪದರವನ್ನು ಸೇರಿಸಿದ್ದರಿಂದ ಆದ ಲಾಭ ಮೊದಲಿಗೆ ಯಾರ ಗಮನಕ್ಕೂ ಬರಲಿಲ್ಲ. ಒಳಗಿನ ಕಡತಗಳನ್ನು ಎಷ್ಟೇ ಬದಲಿಸಿದರೂ, ಹೊರಗಿನ ಪದಗಳು ಹಾಗೆಯೇ ಉಳಿದರೆ ಬಳಕೆದಾರರ ಸಂರಚನೆ ಕೆಡುವುದಿಲ್ಲ. ಈ ಸಂಗತಿ ಕನ್ನಡಕ್ಕೆ ನೇರವಾಗಿ ಉಪಯೋಗಕ್ಕೆ ಬಂದದ್ದು 2000ರ ದಶಕದ ಮಧ್ಯಭಾಗದಲ್ಲಿ.

ಭಾಷೆಯ ಹೆಸರಿನಿಂದ ದೇಶದ ಹೆಸರಿಗೆ

ಎಕ್ಸ್‌ಫ್ರೀ86 ಎಂಬ ಯೋಜನೆಯ ಕಾಲದಲ್ಲಿ ಭಾರತದ ಲಿಪಿಗಳ ವಿನ್ಯಾಸಗಳು ಭಾಷೆ ಅಥವಾ ಲಿಪಿಯ ಮೂರಕ್ಷರದ ಸಂಕೇತಗಳ ಹೆಸರಿನಲ್ಲಿ ಬೇರೆಬೇರೆ ಕಡತಗಳಾಗಿದ್ದವು. ಕನ್ನಡದ ಕಡತದ ಹೆಸರು ಕೆ-ಎ-ಎನ್, ಅಂದರೆ 'ಕನ್'. ದೇವನಾಗರಿಗೆ 'ದೇವ್', ಬಂಗಾಳಿಗೆ 'ಬೆನ್', ಗುಜರಾತಿಗೆ 'ಗುಜ್', ತಮಿಳಿಗೆ ಟಿ-ಎಂ-ಎಲ್. ಬಳಕೆದಾರರು ತಮ್ಮ ಸಂರಚನೆಯಲ್ಲಿ ವಿನ್ಯಾಸ ಎಂಬುದರ ಮುಂದೆ 'ಕನ್' ಎಂದು ಬರೆದರೆ ಕನ್ನಡ ಬರುತ್ತಿತ್ತು. ಇಷ್ಟು ಸರಳವಾಗಿದ್ದುದನ್ನು ಬದಲಿಸಿದ್ದೇಕೆಂಬ ಪ್ರಶ್ನೆ ಸಹಜ.

ತೊಂದರೆ ಕನ್ನಡದ ಕಡತದಲ್ಲಿರಲಿಲ್ಲ, ಒಟ್ಟು ಪಟ್ಟಿಯಲ್ಲಿತ್ತು. ಕೆಲವು ಕಡತಗಳಿಗೆ ದೇಶದ ಹೆಸರು, ಕೆಲವಕ್ಕೆ ಭಾಷೆಯ ಹೆಸರು, ಕೆಲವಕ್ಕೆ ಲಿಪಿಯ ಹೆಸರು. ದೇಶದ ಸಂಕೇತವೂ ಭಾಷೆಯ ಸಂಕೇತವೂ ಒಂದೇ ಆಗಿ ಗೊಂದಲವಾಗುವ ಸಂಭವವಿತ್ತು. ತಮಿಳಿನ ಸಂಕೇತವಂತೂ ಅಂತರರಾಷ್ಟ್ರೀಯ ಶಿಷ್ಟತೆಗೆ ಹೊಂದುತ್ತಲೇ ಇರಲಿಲ್ಲ. ಅಲ್ಲಿ ಅದು ಟಿ-ಎ-ಎಂ. ಒಂದೇ ಭಾಷೆಗೆ ಎರಡನೆಯ ವಿನ್ಯಾಸವನ್ನು ಸೇರಿಸಬೇಕಾದಾಗ ಹೊಸ ಹೆಸರನ್ನು ಹೊಸೆಯಬೇಕಾಗುತ್ತಿತ್ತು. ಆದ್ದರಿಂದ ಸರ್ಗೆಯ್ ಉದಾಲ್ತ್ಸೋವ್ ಅವರ ನಿರ್ವಹಣೆಯಲ್ಲಿ ರೂಪುಗೊಂಡ ಎಕ್ಸ್‌ಕೀಬೋರ್ಡ್-ಕಾನ್ಫಿಗ್ ಎಂಬ ಹೊಸ ಸಂಗ್ರಹದಲ್ಲಿ ಒಂದೇ ಸೂತ್ರವನ್ನು ಅಂಗೀಕರಿಸಲಾಯಿತು: ಕಡತದ ಹೆಸರು ಸಾಮಾನ್ಯವಾಗಿ ದೇಶದ್ದು, ಅದರೊಳಗಿನ ಪ್ರಭೇದದ ಹೆಸರು ಭಾಷೆಯದು. ಭಾರತದ ಎಲ್ಲ ವಿನ್ಯಾಸಗಳು 'ಐಎನ್' ಎಂಬ ಒಂದೇ ಕಡತಕ್ಕೆ ಬಂದವು. ಕನ್ನಡವು ಐಎನ್ ವಿನ್ಯಾಸದ 'ಕನ್' ಪ್ರಭೇದವಾಯಿತು. ಮುಂದೆ ಕಗಪ ವಿನ್ಯಾಸ ಸೇರಿದಾಗ ಅದಕ್ಕೆ 'ಕನ್-ಕಗಪ' ಎಂಬ ಹೆಸರು ಯಾವ ತೊಡಕೂ ಇಲ್ಲದೆ ದೊರೆಯಿತು. ಪ್ರಾಸಂಗಿಕವಾಗಿ ಹೇಳಬಹುದಾದ ಮಾತೆಂದರೆ, ಕನ್ನಡಕ್ಕಾಗಿ ಹುಟ್ಟಿದ ಈ ಕಗಪ ಕ್ರಮವನ್ನು ಅನುಸರಿಸಿ ಹಿಂದಿ, ಮರಾಠಿ, ಸಂಸ್ಕೃತ ಮತ್ತು ತೆಲುಗು ಪ್ರಭೇದಗಳೂ ಅದೇ ಕಡತದಲ್ಲಿ ಸೇರಿವೆ.

ಈಗ ಹಳೆಯ ಸಂರಚನೆಗಳ ಪ್ರಶ್ನೆ. ಸಾವಿರಾರು ಯಂತ್ರಗಳಲ್ಲಿ 'ಕನ್' ಎಂದು ಬರೆದ ಕಡತಗಳು ಇದ್ದವು. ಆ ಹೆಸರಿನ ವಿನ್ಯಾಸ ಕಡತ ಈಗ ಇಲ್ಲ. ಎಲ್ಲ ಬಳಕೆದಾರರಿಗೂ "ನಿಮ್ಮ ಕಡತವನ್ನು ತಿದ್ದಿಕೊಳ್ಳಿ" ಎಂದು ಸೂಚನೆ ಕೊಡಬಹುದಾಗಿತ್ತು. ಆದರೆ ಆ ಸೂಚನೆ ತಲುಪುವುದು ಯಾರಿಗೆ? ಕಡತವನ್ನು ಬರೆದ ತಂತ್ರಜ್ಞರು ಬೇರೆಡೆಗೆ ಹೋಗಿರುತ್ತಾರೆ; ಯಂತ್ರವನ್ನು ಬಳಸುವವರಿಗೆ ಅಂತಹ ಕಡತವೊಂದು ಇದೆಯೆಂಬುದೇ ತಿಳಿದಿರುವುದಿಲ್ಲ. ಆದಕಾರಣ ಹೊಸ ಸಂಗ್ರಹದಲ್ಲಿ ಹೆಸರುಗಳ ಒಂದು ಹೊಂದಾಣಿಕೆ ಪಟ್ಟಿಯನ್ನು ಸೇರಿಸಲಾಯಿತು. ಅದರ ಒಂದೊಂದು ಸಾಲಿನಲ್ಲಿಯೂ ಎಡಕ್ಕೆ ಹಳೆಯ ಹೆಸರು, ಬಲಕ್ಕೆ ಹೊಸ ಹೆಸರು. 'ಕನ್' ಎಂಬುದರ ಎದುರಿಗೆ ಐಎನ್ ವಿನ್ಯಾಸದ 'ಕನ್' ಪ್ರಭೇದ. ಟಿ-ಎಂ-ಎಲ್ ಎದುರಿಗೆ ಐಎನ್ ವಿನ್ಯಾಸದ ಟಿ-ಎ-ಎಂ ಪ್ರಭೇದ. ನಿಯಮ ಕಡತವನ್ನು ಸಿದ್ಧಪಡಿಸುವಾಗ ಈ ಪಟ್ಟಿಯನ್ನು ಅದರೊಳಗೆ ಸೇರಿಸಲಾಗುತ್ತಿತ್ತು. ಹಳೆಯ ಹೆಸರು ಬರೆದಿದ್ದ ಯಂತ್ರವು ಹೊಸ ಆವೃತ್ತಿಯಲ್ಲಿಯೂ ಕನ್ನಡವನ್ನೇ ಕೊಟ್ಟಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹಳೆಯ ಹೆಸರನ್ನು ಉಳಿಸಿಕೊಂಡದ್ದು ಪಟ್ಟಿಯಲ್ಲಿ ಮಾತ್ರ, ಬಳಕೆದಾರರಿಗೆ ತೋರಿಸುವ ಆಯ್ಕೆಗಳ ಪರದೆಯಲ್ಲಿ ಅಲ್ಲ. ಹೊಸದಾಗಿ ಸಂರಚಿಸುವವರಿಗೆ ಹೊಸ ಹೆಸರು ಮಾತ್ರ ಕಾಣುತ್ತದೆ. ಹಳೆಯದು ಬಳಕೆಯಿಂದ ತಾನಾಗಿ ಮರೆಯಾಗುತ್ತದೆ. ಎರಡೂ ಹೆಸರುಗಳನ್ನು ಸಮಾನವಾಗಿ ತೋರಿಸಿದ್ದರೆ ಸರಳೀಕರಣದ ಹೆಸರಿನಲ್ಲಿ ಗೊಂದಲ ಇಮ್ಮಡಿಯಾಗುತ್ತಿತ್ತು.

ಅಲ್ಪವಿರಾಮದ ಪ್ರಾಮುಖ್ಯ

2003ರಲ್ಲಿ ಬಂದ ಎಕ್ಸ್‌ಫ್ರೀ86ರ 4.3ನೇ ಆವೃತ್ತಿಯಿಂದ ಒಂದಕ್ಕಿಂತ ಹೆಚ್ಚು ವಿನ್ಯಾಸಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಒಂದೇ ಸಾಲಿನಲ್ಲಿ ಬರೆಯುವ ಸೌಲಭ್ಯ ಬಂದಿತು. ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಬಳಸುವ ಕಚೇರಿಗಳಿಗೆ ಇದು ಅವಶ್ಯಕ. ವಿನ್ಯಾಸದ ಸಾಲಿನಲ್ಲಿ 'ಯುಎಸ್, ಐಎನ್' ಎಂದೂ, ಪ್ರಭೇದದ ಸಾಲಿನಲ್ಲಿ ಮೊದಲು ಒಂದು ಬರಿಯ ಅಲ್ಪವಿರಾಮ, ನಂತರ 'ಕನ್-ಕಗಪ' ಎಂದೂ ಬರೆಯಬೇಕು. ಆ ಬರಿಯ ಅಲ್ಪವಿರಾಮದ ಅರ್ಥ, ಮೊದಲನೆಯ ವಿನ್ಯಾಸಕ್ಕೆ ಪ್ರಭೇದವಿಲ್ಲ ಎಂಬುದು. ಅದನ್ನು ಕಸವೆಂದು ಭಾವಿಸಿ ಅಳಿಸಿದರೆ ಕಗಪ ಎಂಬುದು ಅಮೆರಿಕದ ಇಂಗ್ಲಿಷ್ ಕೀಲಿಮಣೆಯ ಪ್ರಭೇದವೆಂದು ಯಂತ್ರ ತಿಳಿಯುತ್ತದೆ; ಅಂತಹ ಪ್ರಭೇದ ಎಲ್ಲಿಯೂ ಇಲ್ಲ. ಪ್ರಭೇದದ ಸಾಲೇ ಬಿಟ್ಟುಹೋದರೆ ಐಎನ್ ಎಂಬುದು ಬಹುಕಾಲ ದೇವನಾಗರಿಯನ್ನು ಕೊಡುತ್ತಿತ್ತು. ಕನ್ನಡದ ಅರ್ಜಿಯನ್ನು ಬರೆಯಲು ಕುಳಿತವರಿಗೆ ಹಿಂದಿ ಅಕ್ಷರಗಳು ಕಾಣಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಬೇರೆ ಅರ್ಥವನ್ನು ಕಲ್ಪಿಸಬೇಕಾಗಿಲ್ಲ.

ಒಂದೇ ಸಾಲಿನೊಳಗೆ ಎರಡು ಪಟ್ಟಿಗಳನ್ನು ಸ್ಥಾನದ ಲೆಕ್ಕದಿಂದ ಹೊಂದಿಸುವ ಈ ಕ್ರಮ ಅಚ್ಚುಕಟ್ಟಾದುದೆಂದು ಹೇಳಲಾಗದು. ಆದರೂ ಅದನ್ನು ಬದಲಿಸಲಿಲ್ಲ. ಒಂದು ವಿನ್ಯಾಸವನ್ನು ಮಾತ್ರ ಬರೆದಿದ್ದ ಹಳೆಯ ಕಡತಗಳು ಈ ಕ್ರಮದಲ್ಲಿ ಒಂದಕ್ಷರವೂ ಬದಲಾಗದೆ ಸರಿಯಾಗಿ ನಡೆಯುತ್ತವೆ ಎಂಬುದೇ ಅದರ ಗುಣ.

ಎಡವಿದ ಸಂದರ್ಭ: 2007ರಿಂದ 2010

ಮೇಲಿನ ಬದಲಾವಣೆ ಸುಗಮವಾಗಿ ನಡೆಯಿತು. ಅನಂತರದ್ದು ಹಾಗೆ ನಡೆಯಲಿಲ್ಲ. ಕಲಿಯಬೇಕಾದುದು ಇಲ್ಲಿ ಹೆಚ್ಚಿರುವುದರಿಂದ ಸ್ವಲ್ಪ ವಿವರವಾಗಿ ನೋಡುವುದು ಯುಕ್ತ.

2004ರಿಂದ ಎಕ್ಸ್ ವ್ಯವಸ್ಥೆಯ ಅಭಿವೃದ್ಧಿ ಎಕ್ಸ್.ಆರ್ಗ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಪರದೆ, ಕೀಲಿಮಣೆ, ಮೌಸ್‌ಗಳನ್ನು ಯಂತ್ರವೇ ಗುರುತಿಸಿಕೊಳ್ಳಬೇಕು, ಸಂರಚನಾ ಕಡತವೇ ಇಲ್ಲದೆ ವ್ಯವಸ್ಥೆ ಆರಂಭವಾಗಬೇಕು ಎಂಬುದು ಅದರ ಗುರಿಯಾಗಿತ್ತು. ಗುರಿ ಯೋಗ್ಯವಾದುದೇ. 2007ರ 1.4ನೇ ಆವೃತ್ತಿಯ ಸರ್ವರ್‌ನಲ್ಲಿ, ಯಂತ್ರ ನಡೆಯುತ್ತಿರುವಾಗಲೇ ಯುಎಸ್‌ಬಿ ಕೀಲಿಮಣೆಯನ್ನು ಚುಚ್ಚಿದರೆ ಅದು ಕೂಡಲೇ ಕೆಲಸ ಮಾಡುವ ಸೌಲಭ್ಯ ಬಂದಿತು. ಇದಕ್ಕಾಗಿ ಸಾಧನಗಳ ಮಾಹಿತಿಯನ್ನು ಹ್ಯಾಲ್ ಎಂಬ ಮತ್ತೊಂದು ತಂತ್ರಾಂಶದಿಂದ ಪಡೆಯಲಾಗುತ್ತಿತ್ತು. ಆ ತಂತ್ರಾಂಶಕ್ಕೆ ತನ್ನದೇ ಆದ ಸಂರಚನಾ ಕಡತಗಳಿದ್ದವು. ಅವು ಎಕ್ಸ್‌ಎಂಎಲ್ ಎಂಬ, ಕೋನಾವರಣಗಳಿಂದ ತುಂಬಿದ ಬರಹದಲ್ಲಿದ್ದವು.

ಪರಿಣಾಮ ಇಂತಾಯಿತು. ಈ ಹೊಸ ಕ್ರಮ ಚಾಲನೆಯಲ್ಲಿರುವ ಯಂತ್ರದಲ್ಲಿ ಹಳೆಯ ಕಡತದ ಕೀಲಿಮಣೆ ಭಾಗವನ್ನು ಸರ್ವರ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕಡತ ಇದ್ದ ಸ್ಥಳದಲ್ಲಿಯೇ ಇತ್ತು. ಅದರಲ್ಲಿ ಬರೆದ ವಿನ್ಯಾಸ ಮತ್ತು ಪ್ರಭೇದ ಸರಿಯಾಗಿಯೇ ಇದ್ದವು. ಪರದೆಯ ಭಾಗವನ್ನು ಸರ್ವರ್ ಅದೇ ಕಡತದಿಂದ ಎಂದಿನಂತೆ ಓದುತ್ತಿತ್ತು. ಕೀಲಿಮಣೆಯ ಭಾಗ ಮಾತ್ರ ನಿಷ್ಕ್ರಿಯ. ದಾಖಲೆ ಕಡತದಲ್ಲಿ ಇದರ ಬಗ್ಗೆ ಒಂದು ಸಾಲು ಬರುತ್ತಿತ್ತು. ಅದನ್ನು ತೆರೆದು ನೋಡುವವರು ಯಾರು? ಬಳಕೆದಾರರಿಗೆ ಕಂಡದ್ದು, ನಿನ್ನೆಯವರೆಗೆ ಬರುತ್ತಿದ್ದ ಕನ್ನಡ ಇಂದು ಬರುತ್ತಿಲ್ಲ ಎಂಬುದಷ್ಟೇ. ಹಳೆಯ ಕ್ರಮಕ್ಕೆ ಮರಳಲು ಸಾಧನಗಳ ಸ್ವಯಂಜೋಡಣೆಯನ್ನು ನಿಲ್ಲಿಸುವ ಒಂದು ಆಯ್ಕೆಯನ್ನು ಒದಗಿಸಲಾಗಿತ್ತು. ಅದನ್ನು ಬಳಸಬೇಕಾದರೆ ಅದೇ ಸಂರಚನಾ ಕಡತವನ್ನು ತಿದ್ದಬೇಕಾಗಿತ್ತು.

ಇದೇ ಅವಧಿಯಲ್ಲಿ ಕೀಲಿಮಣೆಯ ಚಾಲಕ ತಂತ್ರಾಂಶವೂ ಬದಲಾಯಿತು. ಹಳೆಯ ಚಾಲಕವೂ ಇವ್‌ಡೆವ್ ಎಂಬ ಹೊಸ ಚಾಲಕವೂ ಕೆಲವು ಕೀಲಿಗಳಿಗೆ ಬೇರೆಬೇರೆ ಸಂಖ್ಯೆಗಳನ್ನು ಕೊಡುತ್ತಿದ್ದವು. ಹಳೆಯ ಕ್ರಮದಲ್ಲಿ ತೆರೆಯ ಚಿತ್ರ ತೆಗೆಯುವ 'ಪ್ರಿಂಟ್' ಕೀಲಿಗೆ 111 ಎಂಬ ಸಂಖ್ಯೆ ಇತ್ತು; ಹೊಸ ಕ್ರಮದಲ್ಲಿ ಅದೇ 111 ಮೇಲ್ಬಾಣದ ಕೀಲಿಗೆ ಸೇರಿತು. ಚಾಲಕ ಹೊಸದಾಗಿ, ಸಂರಚನೆಯಲ್ಲಿನ ಮಾದರಿ ಹಳೆಯದಾಗಿಯೇ ಉಳಿದ ಯಂತ್ರಗಳಲ್ಲಿ, ಒಂದು ಸಾಲು ಮೇಲಕ್ಕೆ ಹೋಗಲೆಂದು ಬಾಣವನ್ನು ಒತ್ತಿದರೆ ತೆರೆಯ ಚಿತ್ರವನ್ನು ಎಲ್ಲಿ ಉಳಿಸಬೇಕೆಂದು ಕೇಳುವ ಕಿಟಕಿ ತೆರೆದುಕೊಳ್ಳುತ್ತಿತ್ತು. ನಗು ಬರಿಸುವ ದೋಷವಾದರೂ ಅದನ್ನು ಅನುಭವಿಸಿದವರಿಗೆ ನಗು ಬಂದಿರಲಾರದು.

ಇಷ್ಟಾದರೂ ಅಕ್ಷರಗಳ ಕೀಲಿಗಳಿಗೆ ಈ ಬಾಧೆ ತಟ್ಟಲಿಲ್ಲ. ಅಕ್ಷರದ ಕೀಲಿಗಳ ಸಂಖ್ಯೆಗಳು ಎರಡೂ ಕ್ರಮಗಳಲ್ಲಿ ಒಂದೇ ಆಗಿದ್ದವು. ಅದಕ್ಕಿಂತ ಮುಖ್ಯವಾದ ರಕ್ಷಣೆ ಬೇರೊಂದಿತ್ತು: ಕನ್ನಡದ ಕಡತದಲ್ಲಿ ಕೀಲಿಗಳನ್ನು ಸಂಖ್ಯೆಯಿಂದ ಹೆಸರಿಸಿರಲಿಲ್ಲ. 'ಮೂರನೆಯ ಸಾಲಿನ ಮೊದಲ ಕೀಲಿ' ಎಂಬಂತೆ ಸ್ಥಾನಸೂಚಕ ಹೆಸರುಗಳನ್ನು ಬಳಸಲಾಗಿತ್ತು. ಸಂಖ್ಯೆ ಮತ್ತು ಸ್ಥಾನಗಳ ನಂಟನ್ನು ಮತ್ತೊಂದು ಕಡತ ನೋಡಿಕೊಳ್ಳುತ್ತದೆ. ಚಾಲಕ ಬದಲಾದಾಗ ಆ ಒಂದು ಕಡತವನ್ನು ಬದಲಿಸಿದರೆ ಸಾಕಾಯಿತು. ಕನ್ನಡವೂ ಸೇರಿದಂತೆ ನೂರಾರು ವಿನ್ಯಾಸಗಳನ್ನು ಮುಟ್ಟುವ ಅಗತ್ಯ ಬೀಳಲಿಲ್ಲ.

2010ರಲ್ಲಿ ಬಂದ 1.8ನೇ ಆವೃತ್ತಿಯಲ್ಲಿ ಹ್ಯಾಲ್ ಕ್ರಮವನ್ನು ಕೈಬಿಡಲಾಯಿತು. ಸಂರಚನೆಯು ಮತ್ತೆ ಹಳೆಯ ಬಗೆಯ ಬರಹಕ್ಕೇ ಮರಳಿತು. ಇಡೀ ಕಡತವನ್ನು ಬರೆಯುವ ಬದಲು, ಬದಲಿಸಬೇಕಾದ ಅಂಶವನ್ನಷ್ಟೇ ಒಂದು ತುಣುಕು ಕಡತದಲ್ಲಿ ಬರೆದು ನಿಗದಿತ ಕೋಶದಲ್ಲಿ ಇಡುವ ವ್ಯವಸ್ಥೆಯನ್ನು ಮಾಡಲಾಯಿತು. "ಎಲ್ಲ ಕೀಲಿಮಣೆಗಳಿಗೂ ಈ ವಿನ್ಯಾಸ" ಎಂದು ಒಂದು ವರ್ಗಕ್ಕೇ ಅನ್ವಯಿಸುವಂತೆ ಬರೆಯುವ ಸೌಲಭ್ಯವೂ ಸೇರಿತು. ಡೆಬಿಯನ್ ಮೂಲದ ವ್ಯವಸ್ಥೆಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ಕೀಬೋರ್ಡ್' ಎಂಬ ಒಂದೇ ಕಡತದ ಕೆಲವೇ ಸಾಲುಗಳನ್ನು ಪಠ್ಯಪರದೆಯೂ ಚಿತ್ರಪರದೆಯೂ ಓದುವಂತೆ ಮಾಡಲಾಯಿತು. ಆ ಸಾಲುಗಳಲ್ಲಿರುವುದು ಮಾದರಿ, ವಿನ್ಯಾಸ, ಪ್ರಭೇದ, ಆಯ್ಕೆ ಎಂಬ ಹಳೆಯ ಪದಗಳೇ. ಮುಂದೆ ಎಕ್ಸ್ ವ್ಯವಸ್ಥೆಯ ಸ್ಥಾನಕ್ಕೆ ವೇಲ್ಯಾಂಡ್ ಬಂದ ಯಂತ್ರಗಳಲ್ಲಿಯೂ ವಿನ್ಯಾಸಗಳ ಅದೇ ಸಂಗ್ರಹ, ಅವೇ ಹೆಸರುಗಳು ಬಳಕೆಯಾಗುತ್ತಿವೆ. ಸರ್ವರ್ ಹೋದರೂ ಹೆಸರು ಉಳಿಯಿತು.

ತಪ್ಪಾದರೂ ಬದಲಾಗದ ಹೆಸರು

ಹಳೆಯ ಹೆಸರನ್ನು ಕಾಪಾಡುವ ವಿಷಯದಲ್ಲಿ ಯೂನಿಕೋಡ್ ಶಿಷ್ಟತೆ ಇನ್ನೂ ಕಠಿಣ. ಹಳಗನ್ನಡದ 'ೞ' ಅಕ್ಷರಕ್ಕೆ ಅದರಲ್ಲಿ 0ಸಿಡಿಇ ಎಂಬ ಸ್ಥಾನ ದೊರೆತಿದೆ. ಆದರೆ ಅದರ ಅಧಿಕೃತ ಹೆಸರು ಇಂಗ್ಲಿಷಿನಲ್ಲಿ 'ಕನ್ನಡ ಅಕ್ಷರ ಫ' ಎಂದು ದಾಖಲಾಗಿದೆ. ಹಳಗನ್ನಡ ಬಲ್ಲ ಯಾರಿಗೂ ಇದು ಪ್ರಮಾದವೆಂದು ತಿಳಿಯುತ್ತದೆ. ಆದರೂ ಹೆಸರನ್ನು ತಿದ್ದಿಲ್ಲ. ಒಮ್ಮೆ ಕೊಟ್ಟ ಹೆಸರನ್ನಾಗಲಿ ಸ್ಥಾನವನ್ನಾಗಲಿ ಬದಲಿಸುವುದಿಲ್ಲವೆಂಬುದು ಆ ಶಿಷ್ಟತೆಯ ಸ್ಥಿರತಾ ನೀತಿ. ಆ ಹೆಸರನ್ನು ನಂಬಿ ಬರೆದ ತಂತ್ರಾಂಶ ಎಲ್ಲೋ ಒಂದು ಕಡೆ ನಡೆಯುತ್ತಿರಬಹುದು ಎಂಬುದೇ ಕಾರಣ. ಬದಲಿಗೆ 'ಳ್ಳ' ಎಂಬಂತೆ ಕೇಳುವ ಸರಿಯಾದ ಹೆಸರನ್ನು ತಿದ್ದುಪಡಿಯ ಪರ್ಯಾಯನಾಮವಾಗಿ ಪ್ರತ್ಯೇಕ ಪಟ್ಟಿಯಲ್ಲಿ ಸೇರಿಸಲಾಗಿದೆ. ಭಾರತದ ಕಾಲವಲಯದ ಹೆಸರೂ ಹೀಗೆಯೇ: 'ಏಷ್ಯಾ/ಕಲ್ಕತ್ತಾ' ಎಂಬುದು 'ಏಷ್ಯಾ/ಕೋಲ್ಕತಾ' ಆದ ಮೇಲೂ ಹಳೆಯ ಹೆಸರು ಹೊಸದಕ್ಕೆ ಕೊಂಡಿಯಾಗಿ ಉಳಿದಿದೆ.

ಕಡತದ ಸರಳೀಕರಣವೂ ವಿನ್ಯಾಸದ ಬದಲಾವಣೆಯೂ ಒಂದಲ್ಲ

ಕಡತದಲ್ಲಿನ ಹೆಸರನ್ನು ಪಟ್ಟಿಯ ಮೂಲಕ ಕಾಪಾಡಬಹುದು. ಕೀಲಿಗಳ ಮೇಲಿನ ಅಕ್ಷರಗಳನ್ನೇ ಸ್ಥಳಾಂತರಿಸಿದರೆ ಯಾವ ಪಟ್ಟಿಯೂ ಸಹಾಯಕ್ಕೆ ಬಾರದು. ಅವುಗಳ ಸಂರಚನೆ ಇರುವುದು ಬೆರಳಚ್ಚುಗಾರರ ಬೆರಳುಗಳಲ್ಲಿ. ಈ ವ್ಯತ್ಯಾಸವನ್ನು ಮರೆತು ಮಾಡಿದ 'ಸುಧಾರಣೆ'ಗಳು ಜನರಿಗೆ ಹೆಚ್ಚು ಕಷ್ಟ ಕೊಡುತ್ತವೆ.

ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಶಿಷ್ಟಗೊಳಿಸಿತು. ಒಂದೇ ಧ್ವನಿಗೆ ಎಲ್ಲ ಭಾರತೀಯ ಲಿಪಿಗಳಲ್ಲಿಯೂ ಒಂದೇ ಕೀಲಿ ಎಂಬುದು ಅದರ ತತ್ತ್ವ. ಯೂನಿಕೋಡ್‌ನಲ್ಲಿ ಹೊಸ ಅಕ್ಷರಗಳು ಸೇರಿದ ಮೇಲೆ ಅವಕ್ಕೂ ಸ್ಥಾನ ಕಲ್ಪಿಸಲು ಪರಿಷ್ಕೃತ ಆವೃತ್ತಿಯನ್ನು ರೂಪಿಸಲಾಯಿತು. ಗ್ನು/ಲಿನಕ್ಸ್‌ನ ಎಂ17ಎನ್ ಎಂಬ ಲೇಖನವಿಧಾನಗಳ ಸಂಗ್ರಹದಲ್ಲಿ ಇದನ್ನು 'ಇನ್‌ಸ್ಕ್ರಿಪ್ಟ್2' ಎಂಬ ಪ್ರತ್ಯೇಕ ಹೆಸರಿನ ಕಡತವಾಗಿ ಸೇರಿಸಲಾಯಿತು. ಹಳೆಯ ಕಡತದ ಮೇಲೆ ಹೊಸದನ್ನು ಬರೆಯಲಿಲ್ಲ. ಹೆಸರು ಒಂದೇ ಇದ್ದು ವಿಷಯ ಬದಲಾಗಿದ್ದರೆ ಹಳೆಯ ಸಂರಚನೆ ನಡೆಯುತ್ತಿರುವಂತೆ ತೋರಿ, ಬೇರೆ ಅಕ್ಷರಗಳನ್ನು ಕೊಡುತ್ತಿತ್ತು.

ಕಗಪ ವಿನ್ಯಾಸದ ಸಂದರ್ಭದಲ್ಲಿ ಬೇರೊಂದು ಮಿತಿ ಕಾಣುತ್ತದೆ. ಕೆ.ಪಿ. ರಾವ್ ಅವರ ಚಿಂತನೆಯಿಂದ ರೂಪುಗೊಂಡು, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೆ ಪರಿಚಿತವಾದ ಈ ಕ್ರಮದಲ್ಲಿ ಸ್ವರದ ಕೀಲಿಯು ವ್ಯಂಜನದ ನಂತರ ಬಂದರೆ ಗುಣಿತ, ಪದದ ಆರಂಭದಲ್ಲಿ ಬಂದರೆ ಪೂರ್ಣ ಸ್ವರ. ಎಕ್ಸ್ ವ್ಯವಸ್ಥೆಯ ವಿನ್ಯಾಸ ಕಡತವಾದರೋ ಒಂದು ಕೀಲಿಗೆ ಒಂದು ಅಕ್ಷರವೆಂಬಷ್ಟನ್ನೇ ಬಲ್ಲುದು. ಹಿಂದೆ ಏನು ಬರೆಯಲಾಗಿತ್ತೆಂದು ಅದಕ್ಕೆ ನೆನಪಿರುವುದಿಲ್ಲ. ಆದ್ದರಿಂದ ಅದರ ಕಗಪ ಪ್ರಭೇದದಲ್ಲಿ ಸ್ವರದ ಕೀಲಿ ನೇರವಾಗಿ ಗುಣಿತ ಚಿಹ್ನೆಯನ್ನು ಕೊಡುತ್ತದೆ. ಪೂರ್ಣ ಸ್ವರ ಬೇಕಾದರೆ ಬಲಬದಿಯ ಆಲ್ಟ್ ಕೀಲಿಯನ್ನೂ ಒತ್ತಬೇಕು. 'ಚೀಕಲಪರ್ವಿ' ಎಂದು ಬರೆಯಲು ಎರಡರಲ್ಲಿಯೂ ಅವೇ ಒಂಬತ್ತು ಕೀಲಿಗಳು. 'ಇಲಾಖೆ' ಎಂದು ಬರೆಯಹೊರಟಾಗ ಭೇದ ಬಯಲಾಗುತ್ತದೆ. ನುಡಿಯಲ್ಲಿ ಕಲಿತವರಿಗೆ ಎಂ17ಎನ್ ಸಂಗ್ರಹದ ಕಗಪ ವಿಧಾನವೇ ಹೆಚ್ಚು ಹತ್ತಿರವಾಗಿದೆ. ಅದು ಹಿಂದಿನ ಅಕ್ಷರವನ್ನು ನೋಡಿ ತೀರ್ಮಾನಿಸಬಲ್ಲದು. ಒಂದೇ ಹೆಸರನ್ನು ಹೊತ್ತ ಎರಡು ಕಡತಗಳು ಒಂದೇ ರೀತಿ ನಡೆಯುತ್ತವೆಂದು ಭಾವಿಸದೆ, ಅಳವಡಿಸುವ ಮುನ್ನ ಪರೀಕ್ಷಿಸುವುದು ಉಚಿತ.

ಬದಲಾವಣೆಗೆ ಮುನ್ನ ಕಚೇರಿಗಳಲ್ಲಿ ಗಮನಿಸಬೇಕಾದುದು

ಕಾರ್ಯಾಚರಣೆ ವ್ಯವಸ್ಥೆಯ ಹೊಸ ಆವೃತ್ತಿಯನ್ನು ಅಳವಡಿಸುವ ಮುನ್ನ ಚಾಲ್ತಿಯಲ್ಲಿರುವ ವಿನ್ಯಾಸ, ಪ್ರಭೇದ ಮತ್ತು ಆಯ್ಕೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಎಕ್ಸ್ ವ್ಯವಸ್ಥೆಯಲ್ಲಿ 'ಸೆಟ್‌ಎಕ್ಸ್‌ಕೆಬಿಮ್ಯಾಪ್' ಎಂಬ ಆದೇಶವನ್ನು 'ಕ್ವೆರಿ' ಆಯ್ಕೆಯೊಡನೆ ನೀಡಿದರೆ ಇವು ಮೂರ್ನಾಲ್ಕು ಸಾಲುಗಳಲ್ಲಿ ದೊರೆಯುತ್ತವೆ. ಕಡತದಲ್ಲಿ ಬರೆದಿರುವುದು ಬೇರೆ, ಯಂತ್ರ ನಿಜವಾಗಿ ಬಳಸುತ್ತಿರುವುದು ಬೇರೆ ಆಗಿರಬಹುದೆಂಬುದನ್ನು ಮೇಲೆ ನೋಡಲಾಗಿದೆ. ಈ ಆದೇಶ ತಿಳಿಸುವುದು ಎರಡನೆಯದನ್ನು. ಹಳೆಯ ಸಂರಚನಾ ಕಡತವನ್ನು ಅಳಿಸದೆ, ದಿನಾಂಕ ಸಹಿತ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು.

ಕೀಲಿಮಣೆ ಸರಿಯಾದ ಮೇಲೂ ಹಿಂದೆ ಬೆರಳಚ್ಚಾದ ಕಡತಗಳ ಪ್ರಶ್ನೆ ಉಳಿಯುತ್ತದೆ. ರಾಜ್ಯ ಸರ್ಕಾರವು 2012ರಲ್ಲಿ ಯೂನಿಕೋಡ್ ಅನ್ನು ಕನ್ನಡದ ಶಿಷ್ಟತೆಯಾಗಿ ಅಂಗೀಕರಿಸುವುದಕ್ಕೆ ಮುಂಚಿನ ಬರಹಗಳು ಹೆಚ್ಚಾಗಿ ಅಕ್ಷರಶೈಲಿಯ ತುಣುಕುಗಳ ಸಂಕೇತದಲ್ಲಿವೆ. ಅವುಗಳಲ್ಲಿ ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಅಲ್ಲ, ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡಲಾಗಿದೆ. 'ಪರ್ವಿ' ಎಂಬಲ್ಲಿ ಮೊದಲು ಪ, ಆಮೇಲೆ ವಿ, ಕೊನೆಯಲ್ಲಿ ಅರ್ಕಾವೊತ್ತಿನ ತುಣುಕು. ಯೂನಿಕೋಡ್‌ನಲ್ಲಿ ಪ, ರ, ಅರ್ಧಾಕ್ಷರ ಚಿಹ್ನೆ, ವ, ಗುಣಿತ ಎಂಬ ಕ್ರಮ. ಪರಿವರ್ತಕ ತಂತ್ರಾಂಶವು ಅರ್ಕಾವೊತ್ತನ್ನು ಹಿಂದಕ್ಕೆ ಸರಿಸದಿದ್ದರೆ ಗ್ರಾಮದ ಹೆಸರು 'ಚೀಕಲಪವಿರ್' ಎಂದಾಗುತ್ತದೆ. 'ಚೀ' ಎಂಬಲ್ಲಿಯೂ ಒಂದು ಸೂಕ್ಷ್ಮವಿದೆ. ದೀರ್ಘದ ಗುಣಿತವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ, ಹ್ರಸ್ವ ಗುಣಿತ ಮತ್ತು ದೀರ್ಘಸೂಚಕ ಎಂಬ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಶಿಷ್ಟತೆಯ ಪ್ರಕಾರ ಎರಡೂ ಸಮಾನ. ಆದರೆ ಅಕ್ಷರಗಳನ್ನು ಬರಿಯ ಸಂಖ್ಯೆಗಳಾಗಿ ಹೋಲಿಸುವ ಶೋಧಕಕ್ಕೆ ಅವು ಎರಡು ಬೇರೆ ಊರುಗಳು. ಪರಿವರ್ತನೆಯ ನಂತರ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಸಾಮಾನ್ಯೀಕರಣವನ್ನು ಮಾಡಿಸಬೇಕು.

ಪರಿವರ್ತಕವನ್ನು ಪರೀಕ್ಷಿಸಲು ಬೇರೆ ಪಠ್ಯವನ್ನು ಹುಡುಕಬೇಕಾಗಿಲ್ಲ. ಅರ್ಜಿ, ಸರ್ವೆ, ವರ್ಷ, ಕರ್ನಾಟಕ ಎಂಬ, ಪ್ರತಿ ದಾಖಲೆಯಲ್ಲಿಯೂ ಬರುವ ಪದಗಳ ಜೊತೆಗೆ ತಾಲ್ಲೂಕಿನ ಗ್ರಾಮಗಳ ಪಟ್ಟಿಯನ್ನು ಪರಿವರ್ತಿಸಿ, ಮುದ್ರಿತ ಪಟ್ಟಿಯೊಡನೆ ಸಾಲುಸಾಲಾಗಿ ತಾಳೆ ನೋಡಿದರೆ ಸಾಕು. ತಾಳೆಯಾಗುವವರೆಗೆ ಮೂಲ ಕಡತಗಳನ್ನೂ, ಅವನ್ನು ತೆರೆಯಬಲ್ಲ ಹಳೆಯ ಅಕ್ಷರಶೈಲಿಯನ್ನೂ ಯಂತ್ರದಿಂದ ತೆಗೆಯತಕ್ಕದ್ದಲ್ಲ.